ಹತ್ತು ಎಣಿಸುವವರೆಗೆ

ಪ್ರಶ್ನೆ ಕೇಳಿದ ಮೇಲೆ ಮಾಸ್ತರನಾದವನು ಬಾಯಿ ಮುಚ್ಚಿಕೊಂಡು ಹತ್ತರವರೆಗೆ ಎಣಿಸಬೇಕು ಎಂಬುದನ್ನು ದುಂಡೇಶ ಕಲಿತದ್ದು ತನ್ನ ನೌಕರಿಯ ಹದಿನಾಲ್ಕನೇ ವರ್ಷದಲ್ಲಿ, ಅದೂ ಮೊಬೈಲಿನ ಪರದೆಯ ಮೇಲೆ. ಅಲ್ಲಿಯವರೆಗೆ ಅವನೂ ಎಲ್ಲರ ಹಾಗೆಯೇ ಇದ್ದ. ಪ್ರಶ್ನೆಯನ್ನೂ ತಾನೇ ಕೇಳಿ, ಉತ್ತರವನ್ನೂ ತಾನೇ ಹೇಳಿ, "ತಿಳೀತಿಲ್ಲೋ?" ಎಂದು ಗದರಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದ. ಕೊರೋನಾದ ಎರಡನೇ ಅಲೆಯಲ್ಲಿ ಶಾಲೆಗಳಿಗೆ ಬೀಗ ಬಿದ್ದಾಗ, ಆನ್‌ಲೈನ್ ತರಗತಿಯಲ್ಲಿ ಮಕ್ಕಳನ್ನು ಮಾತಿಗೆ ಎಳೆಯುವುದು ಹೇಗೆ, ಗುಂಪು ಕಟ್ಟಿ ಕೆಲಸ ಮಾಡಿಸುವುದು ಹೇಗೆ ಎಂದು ಶಿಕ್ಷಕರಿಗೆ ತರಬೇತಿ ಇಟ್ಟರು. ನೂರು ಮಂದಿಯಲ್ಲಿ ತೊಂಬತ್ತು ಮಂದಿ ಕ್ಯಾಮೆರಾ ಬಂದ್ ಮಾಡಿ ಉಂಡರು, ಮಲಗಿದರು, ಒಬ್ಬ ಮಹಾನುಭಾವರು ಎಮ್ಮೆಯನ್ನೂ ಹಿಂಡಿಕೊಂಡರು. ದುಂಡೇಶ ಮಾತ್ರ ನೋಟುಬುಕ್ಕು ಹಿಡಿದು ಕೂತ. ಉಳಿದವರ ಹಾಗೆ ಅವನೂ ಮಲಗಿಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ತರಬೇತಿ ನಡೆಸುತ್ತಿದ್ದವರು ಮುಧೋಳದ ಪ್ರೀತಿ ಮೇಡಂ. ದುಂಡೇಶನ ಉತ್ಸಾಹ ಅವರ ಕಣ್ಣಿಗೆ ಬಿತ್ತು. "ನೀವೊಂದು ಮಾದರಿ ಪಾಠ ಮಾಡ್ರಿ ಸರ್. ನಾಲ್ಕು ಊರಿನ ಶಿಕ್ಷಕರು ನೋಡ್ತಾರ. ರೆಕಾರ್ಡ್ ಮಾಡಿ ಮುಂದಿನ ತರಬೇತಿಗೂ ಇಟ್ಟುಕೊಳ್ಳೋಣ" ಎಂದರು. ಅವನು ಹಿಗ್ಗಿದ. ಮನೆಯಲ್ಲಿ ಹೆಂಡತಿಗೆ ಎರಡು ಸಲ ಹೇಳಿದ.

ಅವನು ಪಾಠ ಹೇಳುತ್ತಿದ್ದದ್ದು ಬನಹಟ್ಟಿಯ ಹತ್ತನೇ ತರಗತಿಯ ಮಕ್ಕಳಿಗೆ. ಆ ತರಗತಿಯಲ್ಲಿ ರೇಷ್ಮಾ ಎಂಬ ಹುಡುಗಿಯಿದ್ದಳು. ಒಂದು ದಿನವೂ ತಪ್ಪಿಸುತ್ತಿರಲಿಲ್ಲ, ಒಂದು ದಿನವೂ ಮಾತಾಡುತ್ತಿರಲಿಲ್ಲ. ಪರದೆಯ ಮೇಲೆ ಆಕೆಯ ಪಾಲಿನ ಚೌಕದಲ್ಲಿ ಕಾಣುತ್ತಿದ್ದದ್ದು ಮನೆಯ ಚಾವಣಿಯ ತಗಡು, ತಗಡಿಗೆ ಜೋತುಬಿದ್ದ ಒಂದು ಬಲ್ಬು, ಅಷ್ಟೇ. ಮನೆಯ ಮುಂದಿನ ಕೋಣೆಯಲ್ಲಿ ಎರಡು ವಿದ್ಯುತ್ ಮಗ್ಗಗಳು. ಅಪ್ಪ ಗಂಗಾರಾಮ ನೇಯ್ದ ಸೀರೆ ಮುಟ್ಟಿಸಲು ಹೋದಾಗ ಮಗ್ಗ ನೋಡಿಕೊಳ್ಳುವವಳು ಆಕೆಯೇ. ಮೊದಲ ವಾರ ಆಕೆ ಮೈಕ್ ತೆರೆದಾಗ ಇಡೀ ತರಗತಿಗೆ ಖಟಕ್ ಖಟಕ್ ತುಂಬಿಕೊಂಡಿತ್ತು. "ಏ ರೇಷ್ಮಾ, ನಿನ್ನ ಮೈಕ್ ಬಂದ್ ಇರಲವ್ವಾ" ಎಂದಿದ್ದ ದುಂಡೇಶ. ಆಕೆ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮತ್ತೆಂದೂ ತೆರೆಯಲಿಲ್ಲ. ಆದರೆ ಸಂಜೆ ಫೋಟೋ ತೆಗೆದು ಕಳಿಸುತ್ತಿದ್ದ ಆಕೆಯ ಉತ್ತರಗಳಿಗೆ ತರಗತಿಯಲ್ಲಿ ಸಾಟಿಯೇ ಇರಲಿಲ್ಲ.

ಈ ಹುಡುಗಿ ಮಾದರಿ ಪಾಠದಲ್ಲಿ ಮಾತಾಡಲೇಬೇಕು ಎಂದು ದುಂಡೇಶನ ತಲೆಗೆ ಹೊಕ್ಕಿತು. ಅದರಲ್ಲಿ ಅಂತಃಕರಣವೂ ಇತ್ತು, ಸುಳ್ಳಲ್ಲ. ನಾಲ್ಕು ಊರಿನ ಶಿಕ್ಷಕರ ಮುಂದೆ ಮೂಕ ಹುಡುಗಿಯನ್ನು ಮಾತಾಡಿಸಿ ತೋರಿಸುವ ಆಸೆಯೂ ಇತ್ತು. ಹಿಂದಿನ ದಿನ ಸಂಜೆ ಫೋನ್ ಮಾಡಿದ.

"ನಾಳಿ ಹನ್ನೊಂದೂ ಇಪ್ಪತ್ತಕ್ಕ ನಿನ್ನ ಹೆಸರ ಕರೀತೀನಿ. ಎರಡ ನಿಮಿಷ ಮಾತಾಡಬೇಕ ನೋಡವ್ವಾ."

"ಮಗ್ಗ ಚಾಲೂ ಇರ್ತಾವ್ರಿ ಸರ್. ಕರೆಂಟ್ ಇದ್ದಾಗ ನಿಂದ್ರಸಿದ್ರ ಅಪ್ಪ ಬೈತಾನ್ರಿ."

"ಎರಡ ನಿಮಿಷಕ್ಕ ಏನಾಗ್ತದ? ನಿಮ್ಮಪ್ಪಗ ನಾ ಹೇಳ್ತೀನಿ."

"ನನಗ ಮಾತಾಡಾಕ ಬರೂದಿಲ್ರಿ."

"ಬರ್ತದ. ನೀ ಬಾಯಿ ತೆರಿ, ನಾ ಕೇಳ್ತೀನಿ."

ಗಂಗಾರಾಮನಿಗೆ ಹೇಳುತ್ತೇನೆ ಎಂದವನು ಹೇಳಲಿಲ್ಲ, ಮರೆತ.

ಚರ್ಚೆಗೆ ಕೊಟ್ಟ ವಿಷಯ, ನಿಮ್ಮ ಮನೆಯ ಒಂದು ಕೆಲಸವನ್ನು ಗೊತ್ತಿಲ್ಲದವರಿಗೆ ಹೇಗೆ ಕಲಿಸುತ್ತೀರಿ ಎಂಬುದು. ರೇಷ್ಮಾ ರಾತ್ರಿಯೊಳಗೆ ಒಂದು ಪುಟ ಬರೆದು ಕಳಿಸಿದಳು. 'ಮಗ್ಗ ನಿಲ್ಲಿಸುವಾಗ ಅವಸರ ಮಾಡಬಾರದು. ನೂಲು ಹೊತ್ತು ಓಡಾಡುವ ಲಾಳಿ ತನ್ನ ಪೆಟ್ಟಿಗೆಗೆ ಬಂದು ಕೂತದ್ದನ್ನು ಕಣ್ಣಿಂದ ನೋಡಿ ಆಮೇಲೆ ಹಿಡಿಕೆ ಎಳೆಯಬೇಕು. ನಡುದಾರಿಯಲ್ಲಿ ಇದ್ದಾಗ ಎಳೆದರೆ ಲಾಳಿ ಸಿಡಿದು ಹೊರಗೆ ಬರುತ್ತದೆ.' ಅವನು ಓದಿ, "ಛಲೋ ಬರದಿ" ಎಂದು ಉತ್ತರಿಸಿದ.

ಮರುದಿನ ಪಾಠ ಹೂವೆತ್ತಿದಂತೆ ನಡೆಯಿತು. ಸದ್ದುಗದ್ದಲ ಬೇಡವೆಂದು, ತಾನು ಬಿಟ್ಟ ಹೊರತು ಯಾವ ಮಗುವೂ ಮೈಕ್ ತೆರೆಯದ ಹಾಗೆ ಮೊದಲೇ ಬಂದೋಬಸ್ತ್ ಮಾಡಿಕೊಂಡಿದ್ದ. ಮಕ್ಕಳು ಗುಂಪುಗುಂಪಾಗಿ ಮಾತಾಡಿದರು, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದಿದರು. ರೇಷ್ಮಾಳ ಓಣಿಯವಳೇ ಆದ ಪೂನಮ್ ರೊಟ್ಟಿ ಬಡಿಯುವುದನ್ನು ಹೇಳಿ ಎಲ್ಲರನ್ನೂ ನಗಿಸಿದಳು. ಹನ್ನೊಂದು ಇಪ್ಪತ್ತಕ್ಕೆ ದುಂಡೇಶ ರೇಷ್ಮಾಳ ಹೆಸರು ಕರೆದು ಆಕೆಯ ಮೈಕ್ ತೆರೆದ.

ಖಟಕ್ ಖಟಕ್ ಖಟಕ್. ಮಕ್ಕಳು ಕಿವಿ ಮುಚ್ಚಿಕೊಂಡರು. ಪರದೆಯ ಮೂಲೆಯಲ್ಲಿ ಪ್ರೀತಿ ಮೇಡಂ ಅವರ ಸಂದೇಶ ಬಂತು: 'ರೆಕಾರ್ಡಿಂಗ್ ಹಾಳಾಗ್ತಿದೆ ಸರ್.'

"ರೇಷ್ಮಾ, ಮಗ್ಗ ನಿಂದ್ರಸವ್ವಾ. ಲಗೂ, ಲಗೂ."

ಹೇಳಿದವನೇ ಆಕೆಯ ಮೈಕ್ ಮತ್ತೆ ಬಂದ್ ಮಾಡಿದ. ಮಗ್ಗ ನಿಂತ ಮೇಲೆ ತೆರೆದರಾಯಿತು ಎಂಬುದು ಅವನ ಲೆಕ್ಕ. ಆಕೆಯ ಚೌಕದಲ್ಲಿ ತಗಡು ಒಮ್ಮೆ ಹೊಯ್ದಾಡಿತು, ಬಲ್ಬು ಹೊಯ್ದಾಡಿತು, ಕತ್ತಲಾಯಿತು. ಫೋನು ಬೋರಲು ಇಟ್ಟಿರಬೇಕು ಎಂದುಕೊಂಡ. ಮುಖದ ಮೇಲೆ ನಗು ಇಟ್ಟುಕೊಂಡು, ತರಬೇತಿಯಲ್ಲಿ ಹೇಳಿದ ಹಾಗೆ, ಒಂದು ಮಾತೂ ಆಡದೆ ಹತ್ತು ಎಣಿಸಿದ. ಚೌಕ ಕತ್ತಲಾಗಿಯೇ ಇತ್ತು. ಇನ್ನೊಮ್ಮೆ ಹತ್ತು ಎಣಿಸಿದ.

"ರೇಷ್ಮಾಗ ಇನ್ನೂ ಸ್ವಲ್ಪ ಟೈಮ್ ಬೇಕ ಅನಸ್ತದ. ಒತ್ತಾಯ ಬ್ಯಾಡ. ಪೂನಮ್, ಅಕಿ ಬರದದ್ದು ನೀ ಓದವ್ವಾ" ಎಂದ. ಪಾಠ ಮುಗಿದಾಗ ಪರದೆಯ ತುಂಬ ಚಪ್ಪಾಳೆಯ ಚಿತ್ರಗಳು ಹಾರಿದವು.

ಅರ್ಧ ತಾಸಿಗೆ ಪೂನಮ್ ಫೋನ್ ಮಾಡಿದಳು. ಅಳುತ್ತಿದ್ದಳು. "ಸರ್, ರೇಷ್ಮಾನ ಕಣ್ಣಿಗೆ ಲಾಳಿ ಬಡದೈತ್ರಿ. ದವಾಖಾನಿಗೆ ಒಯ್ದಾರ್ರಿ."

ಹನ್ನೊಂದು ದಿನ ಬಿಟ್ಟು ದುಂಡೇಶ ಬನಹಟ್ಟಿಗೆ ಹೋದ. ಮೊದಲೇ ಹೋಗಬೇಕಿತ್ತು, ಧೈರ್ಯ ಸಾಲಲಿಲ್ಲ. ಅಷ್ಟರಲ್ಲಿ ಎಡಗಣ್ಣು ತೆಗೆದಿದ್ದರು. ಗಂಗಾರಾಮ ಬಂದವನಿಗೆ ಕುರ್ಚಿ ಕೊಟ್ಟು ತಾನು ನೆಲಕ್ಕೆ ಕೂತ.

"ಮಗ್ಗದ ಮನ್ಯಾಗ ಹುಟ್ಟಿದಾಕಿ ರೀ ಸರ್. ಫೋನ್ ನೋಡಕೋತ ಹಿಡಿಕಿ ಎಳದಾಳಂತ. ಬುದ್ಧಿ ಬ್ಯಾಡೇನ್ರಿ? ಕರೆಂಟ್ ಇದ್ದಾಗ ಅದನ್ಯಾಕ ನಿಂದ್ರಸಾಕ ಹ್ವಾದ್ಲೋ ಗೊತ್ತಿಲ್ಲ."

ಯಾಕೆ ಎಂದು ದುಂಡೇಶನಿಗೆ ಗೊತ್ತಿತ್ತು. ರೇಷ್ಮಾ ಆಗಲಿ ಪೂನಮ್ ಆಗಲಿ ಗಂಗಾರಾಮನಿಗೆ ಅವನ ಹೆಸರು ಹೇಳಿಲ್ಲ ಎಂಬುದು ತಿಳಿದು ಹಗುರವೂ ಆಯಿತು. ಹಗುರವಾದದ್ದಕ್ಕೆ ತನ್ನ ಬಗ್ಗೆ ಹೇಸಿಗೆಯೂ ಆಯಿತು.

ತಾಯಿ ಹಣಮವ್ವ ಚಹಾಕ್ಕೆಂದು ಒಳಗೆ ಹೋದಾಗ, ಗಂಗಾರಾಮ ಹಾಲು ತರಲು ಎದ್ದಾಗ, ಗೋಡೆಗೆ ಒರಗಿ ಕೂತಿದ್ದ ರೇಷ್ಮಾ ಪಟ್ಟಿ ಕಟ್ಟಿದ ಮುಖವನ್ನು ಇತ್ತ ತಿರುಗಿಸಿದಳು.

"ಸರ್, ನಾ ಕರದ್ನಿರಿ."

"ಯಾರನ್ನವ್ವಾ?"

"ನಿಮ್ಮನ್ರಿ. ಅವ್ವ ನೂಲ ಸುತ್ತಾಕ ಹೋಗಿದ್ಲು. ಇನ್ನೊಂದ ಮಗ್ಗ ನಡದ ಇತ್ತು, ಓಣ್ಯಾಗಿನ ಮಂದಿಗೆ ಕೇಳೂದಿಲ್ಲ. ಫೋನಿನ್ಯಾಗ ನೀವು ಇದ್ರೆಲ್ರಿ, ಅದಕ್ಕ ಸರ್, ಸರ್ ಅಂತ ಭಾಳ ಸಲ ಕರದ್ನಿ. ಕೇಳಸಲಿಲ್ಲೇನ್ರಿ?"

ಒಳಗೆ ಚಹಾ ಕುದಿಯುವ ಸದ್ದು. ದುಂಡೇಶ ಆ ಮಗುವಿನ ಉಳಿದ ಒಂದು ಕಣ್ಣನ್ನು ನೋಡಿದ.

"ನೆಟ್‌ವರ್ಕ್ ಇರಲಿಲ್ಲವ್ವಾ" ಎಂದ.

"ಹೌದ್ರಿ. ನಮ್ಮ ಓಣ್ಯಾಗ ಅದು ಬರೂದ ಇಲ್ರಿ" ಎಂದು ಆಕೆಯೇ ಅವನಿಗೆ ಸಮಾಧಾನ ಹೇಳಿದಳು.

ಶಾಲೆ ತೆರೆಯಿತು. ರೇಷ್ಮಾ ಬರಲಿಲ್ಲ. ಜನವರಿಯಲ್ಲಿ ಮೂರನೇ ಅಲೆಯ ಸುದ್ದಿ ಎದ್ದಾಗ, ಮತ್ತೆ ಶಾಲೆ ಮುಚ್ಚಿದರೆ ಇರಲಿ ಎಂದು ಜಮಖಂಡಿಯಲ್ಲಿ ಅರವತ್ತು ಶಿಕ್ಷಕರಿಗೆ ತರಬೇತಿ ಕರೆದರು. ಹೇಳಿಕೊಡುವವರ ಸಾಲಿನಲ್ಲಿ ದುಂಡೇಶನ ಹೆಸರಿತ್ತು. ಪ್ರೀತಿ ಮೇಡಂ ಮಾದರಿ ಪಾಠದ ರೆಕಾರ್ಡಿಂಗನ್ನು ಗೋಡೆಯ ಮೇಲೆ ಹಾಕಿದರು. ಹುಡುಗಿಗೆ ಪೆಟ್ಟಾದದ್ದು ಅವರಿಗೆ ಗೊತ್ತಿತ್ತು, ಯಾವ ಹೊತ್ತಿಗೆ ಎಂಬುದು ಗೊತ್ತಿರಲಿಲ್ಲ. ಅವನು ಹೇಳಿರಲಿಲ್ಲ.

"ಈ ಮೌನ ನೋಡ್ರಿ. ಮಗು ಮಾತಾಡ್ತಿಲ್ಲ, ಆದರೂ ಸರ್ ಎಷ್ಟು ತಾಳ್ಮೆಯಿಂದ ಕಾಯ್ತಾರ. ಎಲ್ಲರೂ ಅವರ ಜೊತೆ ಎಣಿಸ್ರಿ ನೋಡೋಣ."

ಗೋಡೆಯ ಮೇಲೆ ದುಂಡೇಶ ನಗುತ್ತಿದ್ದ. ಅವನ ಮಗ್ಗುಲಲ್ಲಿ ಒಂದು ಕಪ್ಪು ಚೌಕ, ಅದರ ಮೂಲೆಯಲ್ಲಿ ಕೆಂಪು ಗೀಟು ಹೊಡೆದ ಪುಟ್ಟ ಮೈಕ್. ಅರವತ್ತು ಮಂದಿ ಒಂದು, ಎರಡು, ಮೂರು ಎಂದು ಶಾಲೆಯ ಮಕ್ಕಳ ಹಾಗೆ ರಾಗವಾಗಿ ಎಣಿಸಿದರು. ಆರಕ್ಕೆ ಬರುವಷ್ಟರಲ್ಲಿ ದುಂಡೇಶ ಎದ್ದು ಹೊರಗೆ ಬಂದ. ಗಂಗಾರಾಮನ ನಂಬರಿಗೆ ಫೋನ್ ಹಚ್ಚಿದ.

ಎತ್ತಿದಳು ರೇಷ್ಮಾ. ಆಕೆಯ ದನಿಗಿಂತ ಮೊದಲು ಖಟಕ್ ಖಟಕ್ ಬಂತು.

"ಸರ್ ಏನ್ರಿ? ಏನೂ ಕೇಳಸವಲ್ತು ರೀ. ತಡೀರಿ, ಮಗ್ಗ ನಿಂದ್ರಸ್ತೀನಿ."

"ಬ್ಯಾಡವ್ವಾ! ನಿಂದ್ರಸಬ್ಯಾಡ! ರೇಷ್ಮಾ!"

ವರಾಂಡದಲ್ಲಿದ್ದವರು ತಿರುಗಿ ನೋಡುವ ಹಾಗೆ ಕೂಗಿದ. ಆಕೆಗೆ ಕೇಳಿಸಲಿಲ್ಲ. ದುಂಡೇಶ ಕಣ್ಣು ಮುಚ್ಚಿದ. ಒಂದು ಮಗ್ಗ ನಿಂತಿತು. ಆಮೇಲೆ ಇನ್ನೊಂದು.

"ಹ್ಞಾ, ಈಗ ಹೇಳ್ರಿ ಸರ್. ಕೇಳಾಕತ್ತೇನಿ."

ಆಕೆ ಅವಸರ ಮಾಡಲಿಲ್ಲ, ಕಾದಳು.

"ರೇಷ್ಮಾ," ಎಂದ, "ಅವತ್ತ ನೆಟ್‌ವರ್ಕ್ ಇತ್ತವ್ವಾ. ನಿನ್ನ ಮೈಕ್ ನಾನ ಬಂದ್ ಮಾಡಿದ್ದೆ."

ಆ ಕಡೆ ಒಂದು ಮಗ್ಗ ಮತ್ತೆ ಶುರುವಾಯಿತು. ಆಮೇಲೆ ಇನ್ನೊಂದು.