ಉಮ್ರಾ ಮಾಡದ ತಲೆ

ಪೊಡಿಯಬ್ಬ ಸುಳ್ಳು ಹೇಳಲಿಲ್ಲ. ಬಾಯಿ ಮುಚ್ಚಿಕೊಂಡ, ಅಷ್ಟೇ. ಆದರೆ ಕೆಲವು ಸಲ ಮುಚ್ಚಿದ ಬಾಯಿ ಹೇಳುವಷ್ಟು ದೊಡ್ಡ ಸುಳ್ಳನ್ನು ತೆರೆದ ಬಾಯಿ ಹೇಳುವುದಿಲ್ಲ.

ಅವನು ಸೌದಿಯ ಜುಬೈಲಿನಲ್ಲಿ ಕಂಪೆನಿ ಬಸ್ಸಿನ ಡ್ರೈವರ್, ವಾಸ ಕೆಲಸಗಾರರ ಕ್ಯಾಂಪಿನಲ್ಲಿ. ಹೊಟ್ಟೆಯಲ್ಲಿ ಕ್ಯಾನ್ಸರ್, ಲಿವರಿಗೂ ದಾಟಿದೆ ಎಂದು ದಮ್ಮಾಮಿನ ಆಸ್ಪತ್ರೆಯಲ್ಲಿ ತಿಳಿದಾಗ ಕ್ಯಾಂಪಿನಲ್ಲಿ ಯಾರಿಗೂ ಹೇಳಲಿಲ್ಲ. ಶುಗರ್ ಎಂದುಕೊಂಡವರನ್ನು ತಿದ್ದಲೂ ಇಲ್ಲ. ಕ್ಯಾಂಪ್ ಎಂದರೆ ಹಾಗೆಯೇ, ಇಲ್ಲಿ ಒಬ್ಬ ಸೀನಿದರೆ ಊರಲ್ಲಿ, ವಿಟ್ಲದಲ್ಲಿ, ಇನ್ನೊಬ್ಬ ಮೂಗು ಒರೆಸಿಕೊಳ್ಳುತ್ತಾನೆ. ವಿಟ್ಲದಲ್ಲಿ ಹೆಂಡತಿ ಖತೀಜಮ್ಮ ಇದ್ದಳು. ಗುಣವಾದ ಮೇಲೆ ಹೇಳಿದರೆ ಅದು ಕಥೆ, ಈಗಲೇ ಹೇಳಿದರೆ ಬರೀ ಅಳು ಎಂದು ಅವನು ಎಣಿಸಿದ್ದ.

ಎರಡನೇ ಕೀಮೋ ಹೊತ್ತಿಗೆ ಕೂದಲು ದಿಂಬಿನ ಮೇಲೆ ಕಂತೆ ಕಂತೆ ಉದುರತೊಡಗಿತು. ಎರಡು ದಿನ ಆಸ್ಪತ್ರೆಯಲ್ಲಿ ಮಲಗಿ ವಾಪಸು ಬರುವಾಗ ಪಾಕಿಸ್ತಾನಿಯೊಬ್ಬನ ಕ್ಷೌರದಂಗಡಿಗೆ ನುಗ್ಗಿ ಪೂರ್ತಿ ಬೋಳಿಸಿಕೊಂಡ. ಎರಡು ದಿನ ಕಾಣದವನು ಬೋಳು ತಲೆಗೆ ಬಿಳಿ ಟೊಪ್ಪಿ ಹಾಕಿಕೊಂಡು ಬಂದರೆ ಈ ದೇಶದಲ್ಲಿ ಅದಕ್ಕೆ ಒಂದೇ ಅರ್ಥ: ಮಕ್ಕಾಕ್ಕೆ ಹೋಗಿ ಉಮ್ರಾ ಮುಗಿಸಿ ತಲೆ ಬೋಳಿಸಿಕೊಂಡು ಬಂದಿದ್ದಾನೆ.

"ಕಳ್ಳ!" ಎಂದು ಮೆಸ್ಸಿನ ಬಾಗಿಲಲ್ಲೇ ಕೂಗಿದ ಅಬ್ದುಲ್ ಜಲೀಲ್. ಕ್ಯಾಂಪಿನ ಅಡುಗೆಯವನು, ಪೊಡಿಯಬ್ಬನ ಕೋಣೆಯವನೂ ಹೌದು. "ಒಬ್ಬನೇ ಉಮ್ರಾ ಮಾಡಿ ಬಂದ್ಯಾ? ಎಂತ ಮಾರಾಯ, ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ? ತಖಬ್ಬಲಲ್ಲಾಹ್, ಅಲ್ಲಾಹು ಸ್ವೀಕರಿಸಲಿ! ನನ್ನ ನಾಝಿಯಾಳಿಗೆ ದುಆ ಮಾಡಿದ್ಯಾ?"

ನಾಝಿಯಾ ಜಲೀಲನ ಮಗಳು. ಮದುವೆಯಾಗಿ ಎಂಟು ವರ್ಷವಾದರೂ ತೊಟ್ಟಿಲು ತೂಗಿರಲಿಲ್ಲ. ಪೊಡಿಯಬ್ಬ ತಲೆಯಾಡಿಸಿದ. ವಾಂತಿ ಗಂಟಲಿಗೆ ಬಂದು ನಿಂತಿತ್ತು. ಬಾಯಿ ತೆರೆದರೆ ಸತ್ಯಕ್ಕಿಂತ ಮೊದಲು ಅದೇ ಹೊರಬೀಳುತ್ತಿತ್ತು.

ಎರಡು ತಿಂಗಳಲ್ಲಿ ನಾಝಿಯಾ ಬಸುರಿಯಾದಳು.

ಜಲೀಲ್ ಇಡೀ ಕ್ಯಾಂಪಿಗೆ ತುಪ್ಪದನ್ನ ಮಾಡಿದ. ಪೊಡಿಯಬ್ಬನ ದುಆ ಫಲಿಸಿತೆಂದು ಊರಿಗೆಲ್ಲ ಫೋನು ಹಚ್ಚಿದ. ಆಮೇಲೆ, ತಮಗೂ ಪ್ರಾರ್ಥಿಸು ಎಂದು ಸಾಲುಗಟ್ಟಿತು ಜನ. ಒಬ್ಬನ ಇಕಾಮಾ, ಇಲ್ಲಿರಲು ಬೇಕಾದ ಪರವಾನಗಿ, ಆಫೀಸಿನಲ್ಲಿ ಸಿಕ್ಕಿಕೊಂಡಿದೆ, ಇನ್ನೊಬ್ಬನಿಗೆ ರಜೆ ಸಿಗುತ್ತಿಲ್ಲ. ಫೋರ್ಕ್‌ಲಿಫ್ಟ್ ಓಡಿಸುವ ಅಕ್ಷಯನೂ ಬಂದ.

"ಪೊಡಿಯಬ್ಬಣ್ಣ, ನನ್ನ ಪ್ರಮೋಷನ್ನಿಗೆ ನಿಮ್ಮ ದೇವರ ಹತ್ರ ಒಂದು ಮಾತು ಹಾಕಿ. ನಮ್ಮವ ಸ್ವಲ್ಪ ಬಿಝಿ ಉಂಟು."

"ಹೋಗಾ! ನಿನ್ನ ಸೂಪರ್‌ವೈಸರನ ಕಾಲು ಹಿಡಿ!" ಎಂದು ಪೊಡಿಯಬ್ಬ ಹರಿಹಾಯ್ದ. ದೊಡ್ಡವರು ಬೈದರೆ ಫಲ ಜಾಸ್ತಿ ಎಂದುಕೊಂಡು ಅಕ್ಷಯ ನಗುತ್ತ ಹೋದ.

ಜಲೀಲನ ತುಪ್ಪದನ್ನ ಉಂಡ ರಾತ್ರಿ ಅದು ಅವನ ಹೊಟ್ಟೆಯಲ್ಲಿ ನಿಂತಿರಲಿಲ್ಲ. ಗುಣವಾದ ಕೂಡಲೇ ಮೊದಲು ಮಕ್ಕಾಕ್ಕೆ ಹೋಗಿ ಈ ಮಾಡದ ಉಮ್ರಾವನ್ನು ಮಾಡಿಬಿಡಬೇಕು ಎಂದು ಅವನು ಹರಕೆ ಕಟ್ಟಿಕೊಂಡ.

ಗುಣವಾಗುವುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. "ಈ ಮದ್ದು ರೋಗವನ್ನು ಕಟ್ಟಿಹಾಕಲಿಕ್ಕೆ, ತೆಗೆಯಲಿಕ್ಕಲ್ಲ" ಎಂದು ಮಲಯಾಳಿ ಡಾಕ್ಟರು ಮೊದಲ ದಿನವೇ ಹೇಳಿದ್ದರು. ಪೊಡಿಯಬ್ಬನ ಮನಸ್ಸಿಗೆ ಇಳಿದದ್ದು ಮದ್ದು ಎಂಬ ಮಾತು ಮಾತ್ರ. ಉಪಯೋಗವಿಲ್ಲದ ಮದ್ದನ್ನು ಯಾವ ಹುಚ್ಚ ಕೊಡುತ್ತಾನೆ? ಬಾಯಿ ಹುಣ್ಣಾಯಿತು, ಬೆರಳು ಜೋಮು ಹಿಡಿಯಿತು, ತಣ್ಣೀರು ಮುಟ್ಟಿದರೆ ಕರೆಂಟು ಹೊಡೆದಂತಾಗುತ್ತಿತ್ತು. ಕಂಪೆನಿಯವರು ಬಸ್ಸು ಬಿಡಿಸಿ ಅವನನ್ನು ಗೇಟಿನ ಕಾವಲಿಗೆ ಕೂರಿಸಿದರು. ಇಷ್ಟು ಕಷ್ಟ ಕೊಡುವ ಮದ್ದು ಒಳಗಿನ ರೋಗವನ್ನು ಸುಮ್ಮನೆ ಬಿಟ್ಟೀತೇ?

"ಬಾಯಮ್ಮ, ಈ ಬಾಟ್ಲಿ ಮುಗಿಯುದು ಯಾವಾಗ?" ಎಂದು ನರ್ಸ್ ಮಾರಿಯಾಳ ಮೇಲೆ ರೇಗುತ್ತಿದ್ದ.

ಮಾರಿಯಾ ಉಡುಪಿ ಕಡೆಯ ಮೂಡುಬೆಳ್ಳೆಯವಳು; ಊರಿನ ರೂಢಿಯಂತೆ ಮುಸ್ಲಿಮನಾದ ಅವನು ಅವಳಿಗೆ ಬ್ಯಾರಿ, ಕ್ರಿಶ್ಚಿಯನ್ನಳಾದ ಅವಳು ಅವನಿಗೆ ಬಾಯಮ್ಮ. ಮಾತಿಗೆ ಹಿಂದೆ ಬೀಳುವವಳಲ್ಲ. "ಬ್ಯಾರಿಗಳೇ, ಬಸ್ಸಿನ ಹಾಗೆ ಇದನ್ನು ಓವರ್‌ಟೇಕ್ ಮಾಡ್ಲಿಕ್ಕೆ ಆಗುದಿಲ್ಲ. ಕಣ್ಣು ಮುಚ್ಚಿ ಮಲಗಿ."

ಒಮ್ಮೆ ಹಬ್ಬದ ನಮಾಝಿಗೆಂದು ಕೀಮೋವನ್ನು ಒಂದು ದಿನ ಮುಂದೆ ಹಾಕಲು ಕೇಳಿದ್ದಕ್ಕೆ ಡಾಕ್ಟರು ಮುಖ ಕೆಂಪಗೆ ಮಾಡಿ ಬೈದಿದ್ದರು. ಪೊಡಿಯಬ್ಬನೂ ತಿರುಗಿ ಬೈದಿದ್ದ. ಕೊನೆಗೆ ಗೆದ್ದವರು ಡಾಕ್ಟರೇ. ಆ ಬೈಗಳು ಅವನಿಗೆ ಒಳಗೊಳಗೇ ಹಿತವಾಗಿತ್ತು. ಸಾಯುವವನನ್ನು ಯಾರೂ ಹಾಗೆ ಬೈಯುವುದಿಲ್ಲ.

ಆಮೇಲೆ ಸ್ಕ್ಯಾನಿಗೆಂದು ಒಂದು ತಿಂಗಳು ಮದ್ದು ನಿಲ್ಲಿಸಿದರು. ತಲೆಯ ಮೇಲೆ ಮರಿಹಕ್ಕಿಯ ಪುಕ್ಕದಂಥ ಬೂದು ಕೂದಲು ಚಿಗುರಿತು. ಪೊಡಿಯಬ್ಬ ಕನ್ನಡಿಯ ಮುಂದೆ ನಿಂತು ಅದನ್ನು ಅಂಗೈಯಿಂದ ಮತ್ತೆ ಮತ್ತೆ ಸವರಿದ. ಆ ವಾರವೇ ಜಲೀಲ್ ಬಂದು ಹೇಳಿದ: "ಗುರುವಾರ ಕ್ಯಾಂಪಿನಿಂದ ಉಮ್ರಾಕ್ಕೆ ಬಸ್ಸು ಹೊರಡ್ತದೆ. ನೀನು ಬರ್ಲೇಬೇಕು. ನಾಝಿಯಾಳ ಹೆರಿಗೆಗೆ ಇನ್ನೊಂದು ದುಆ ಬಾಕಿ ಉಂಟು."

ಮುಂದಿನ ಕೀಮೋ ಇದ್ದದ್ದೂ ಗುರುವಾರವೇ. ಸ್ಕ್ಯಾನಿನ ರಿಪೋರ್ಟಿನ ದಿನ ಪೊಡಿಯಬ್ಬ ಜಗಳಕ್ಕೆ ತಯಾರಾಗಿಯೇ ಆಸ್ಪತ್ರೆಗೆ ಹೋದ. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ.

"ಡಾಕ್ಟರೇ, ಒಂದು ವಾರ ಮುಂದೆ ಹಾಕ್ಬೇಕು. ಮಕ್ಕಾಕ್ಕೆ ಹೋಗ್ಲಿಕ್ಕುಂಟು. ನೀವು ಬೈದ್ರೂ ನಾನು ಕೇಳುದಿಲ್ಲ."

ಡಾಕ್ಟರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೋಗಿ ಬನ್ನಿ. ಧಾರಾಳವಾಗಿ ಹೋಗಿ ಬನ್ನಿ" ಎಂದರು.

"ಮತ್ತೆ ಕೀಮೋ?"

"ಇನ್ನು ಬೇಡ. ಸ್ಕ್ಯಾನಿನಲ್ಲಿ ಕಂಡಿತು, ಲಿವರಿಡೀ ಹರಡಿಬಿಟ್ಟಿದೆ. ಇನ್ನು ಆ ಮದ್ದು ಹಾಕಿದರೆ ರೋಗಕ್ಕಲ್ಲ, ನಿಮಗೇ ಪೆಟ್ಟು. ನೋವಿಗೆ ಮಾತ್ರೆ ಕೊಡುತ್ತೇನೆ. ಮಕ್ಕಾದಿಂದ ಬಂದು ಊರಿಗೆ ಹೊರಡಿ."

ಪೊಡಿಯಬ್ಬ ಮೇಜಿಗೆ ಗುದ್ದಿದ. "ಬೈಯಿರಿ ಡಾಕ್ಟರೇ! ಹೋದ ಸಲ ಬೈದ ಹಾಗೆ ಬೈಯಿರಿ!"

ಡಾಕ್ಟರು ನೋವಿನ ಮಾತ್ರೆಯ ಚೀಟಿ ಬರೆದು ಮುಂದೆ ಚಾಚಿದರು. ಹೊರಗೆ ಮಾರಿಯಾ ಅವನ ತೋಳು ಹಿಡಿದು ಲಿಫ್ಟಿನವರೆಗೆ ಬಂದಳು.

"ಕಟ್ಟಿಹಾಕಿದ ಹಗ್ಗ ತುಂಡಾಯ್ತು ಬಾಯಮ್ಮ" ಎಂದಷ್ಟೇ ಹೇಳಿ ಅವನು ಇಳಿದುಹೋದ.

ಮಕ್ಕಾದಲ್ಲಿ ಅವನಿಗೆ ನಡೆಯಲಾಗಲಿಲ್ಲ. ಶುಗರನ್ನು ಬಾಯಿಗೆ ಬಂದಂತೆ ಬೈಯುತ್ತ ಜಲೀಲ್ ಗಾಲಿಕುರ್ಚಿ ತಂದ, ತಾನೇ ತಳ್ಳಿದ. ಇಬ್ಬರ ಪಾಲಿನ ಪ್ರಾರ್ಥನೆಯನ್ನೂ ತಾನೇ ಗಟ್ಟಿಯಾಗಿ ಹೇಳಿದ. ಪೊಡಿಯಬ್ಬ ಯಾತ್ರಿಕರು ಉಡುವ ಇಹ್ರಾಮಿನ ಬಿಳಿ ಬಟ್ಟೆಯನ್ನು ಬಾಯಿಗೊತ್ತಿಕೊಂಡು ಕೂತಿದ್ದ. ಎಲ್ಲ ಮುಗಿದು ಕ್ಷೌರದಂಗಡಿಯಲ್ಲಿ ಅಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತರು. ಕ್ಷೌರಿಕ ಬ್ಲೇಡು ಎಳೆದ. ತಿಂಗಳಿಡೀ ಪೊಡಿಯಬ್ಬ ಸವರಿ ಸವರಿ ಬೆಳೆಸಿದ ಬೂದು ಕೂದಲು ಮೂರೇ ಎಳೆತಕ್ಕೆ ನೆಲಕ್ಕೆ ಬಿತ್ತು.

"ಈ ಸಲ ಎಂತ ಕೇಳಿದೆ?" ಎಂದ ಜಲೀಲ್.

"ವಾಂತಿ ಬಾರದಿರಲಿ ಅಂತ."

"ತಮಾಷೆ ಬೇಡ. ಹೋದ ಸಲ ನಾಝಿಯಾಳಿಗೆ ಕೇಳಿದ ಹಾಗೆ..."

"ಹೋದ ಸಲ ಅಂತ ಇಲ್ಲ ಜಲೀಲಾ. ಇದೇ ಮೊದಲು."

ಜಲೀಲನ ಅರ್ಧ ತಲೆ ಬೋಳಾಗಿತ್ತು. ಅವನು ಹಾಗೆಯೇ ತಿರುಗಿದ. ಬ್ಲೇಡು ತಾಗಿ ಕಿವಿಯ ಹಿಂದೆ ರಕ್ತ ಬಂತು.

"ಮತ್ತೆ ಆಗ ಆ ತಲೆ?"

"ಕೀಮೋದ್ದು. ಹೊಟ್ಟೆಯಲ್ಲಿ ಕ್ಯಾನ್ಸರ್. ಈಗ ಕೀಮೋನೂ ಬೇಡ ಅಂದ್ರು. ತಿಂಗಳಿಂದ ಮದ್ದು ನಿಂತಿದೆ, ಅದಕ್ಕೇ ಕೂದಲು ಬಂದದ್ದು."

"ಮತ್ತೆ ನನ್ನ ಮಗಳಿಗೆ ಕೇಳಿದ್ದು ಯಾರು?"

"ಯಾರೂ ಇಲ್ಲ. ನನಗೆ ಕೇಳಿದವರೂ ಯಾರೂ ಇಲ್ಲ."

ಜಲೀಲ್ ಕಿವಿಯ ಹಿಂದಿನ ರಕ್ತ ಒರೆಸಿಕೊಂಡ. ಬೈಯುತ್ತಾನೆಂದು ಪೊಡಿಯಬ್ಬ ಕಾದ. ಇವನೂ ಬೈಯಲಿಲ್ಲ. ಅಷ್ಟರಲ್ಲಿ ಪೊಡಿಯಬ್ಬನ ಫೋನು ಬಡಿದುಕೊಂಡಿತು. ಖತೀಜಮ್ಮ. ಅವನು ಅದನ್ನು ಜಲೀಲನ ಕೈಗೆ ತುರುಕಿದ.

"ನನ್ನ ದುಆ ಫಲಿಸ್ತದೆ ಅಂತ ಊರಿಡೀ ಸಾರಿದವ ನೀನಲ್ವಾ? ಇದನ್ನೂ ನೀನೇ ಹೇಳು."

ಜಲೀಲ್ ಫೋನು ಕಿವಿಗಿಟ್ಟ. ಸಲಾಂ ಎಂದ. ಆ ಕಡೆಯಿಂದ ಖತೀಜಮ್ಮನ ದನಿ ಅಂಗಡಿಯವರಿಗೆಲ್ಲ ಕೇಳುವಷ್ಟು ಜೋರಾಗಿ, ನಗುನಗುತ್ತ ಬಂತು.

"ಯಾರು, ಜಲೀಲಾಕನಾ? ಉಮ್ರಾ ಆಯ್ತಾ? ನಮ್ಮ ಇವರು ಈ ಸಲ ಯಾರಿಗೆ ದುಆ ಮಾಡಿದ್ರು?"