ಕಂಕುಳಲ್ಲಿ ಒದ್ದೆ ಸೊಪ್ಪು

ಹೊಗೆಸೊಪ್ಪು ಮುರಿಯುವ ಕಾಲ ಬಂತೆಂದರೆ ನಮ್ಮ ಕಸುಂಗು ಸೀಮೆಯ ಹಳ್ಳಿಗಳಲ್ಲಿ ಬೆಳಗಾಗುತ್ತಲೇ ಒಬ್ಬರಲ್ಲ ಒಬ್ಬರು ಹೊಲದ ಬದುವಿನಲ್ಲಿ ಕೂತು ವಾಂತಿ ಮಾಡುತ್ತಿರುತ್ತಾರೆ. ಕಾರಣ ಹೇಳುವವರಿಗೇನು ಬರವೇ? ಒಬ್ಬರು ಮಲೇರಿಯಾ ಅನ್ನುತ್ತಾರೆ, ಇನ್ನೊಬ್ಬರು ನಿನ್ನೆ ತಿಂದ ಮೀನು ಅನ್ನುತ್ತಾರೆ, ಮತ್ತೊಬ್ಬರು ಯಾರದೋ ಕೆಟ್ಟ ಕಣ್ಣು ಅನ್ನುತ್ತಾರೆ. ಕಂಕುಳಲ್ಲಿ ಅವುಚಿಕೊಂಡ ಒದ್ದೆ ಸೊಪ್ಪಿನ ಕಡೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ.

ಲೆಫಾನಿಯ ಹೆಂಡತಿ ಫಲೇಸಿಗೆ ಆಗ ನಾಲ್ಕು ತಿಂಗಳು. ಬಸುರಿ ಹೆಂಗಸು ವಾಂತಿ ಮಾಡಿಕೊಂಡರೆ ಯಾರು ತಾನೆ ತಲೆ ಕೆಡಿಸಿಕೊಳ್ಳುತ್ತಾರೆ? ಲೆಫಾನಿ ಕೆಡಿಸಿಕೊಂಡಿದ್ದ. ಹೋದ ವರ್ಷವೂ ಸೊಪ್ಪು ಮುರಿಯುವಾಗಲೇ ಅವಳಿಗೆ ಹೀಗೇ ಆಗಿ, ಹೊಟ್ಟೆಯಲ್ಲಿದ್ದ ಮಗು ಉಳಿದಿರಲಿಲ್ಲ. ಈ ಸಲವಾದರೂ ಉಳಿದೀತೇ ಎಂಬ ಒಂದೇ ಭಯ ಅವನಿಗೆ.

ಅವನು ಒಂದು ವಿಷಯ ಗಮನಿಸಿದ್ದ. ಭಾನುವಾರ ಎಲ್ಲರೂ ಚರ್ಚಿಗೆ ಹೋಗುತ್ತಾರೆ, ಹೊಲಕ್ಕೆ ರಜೆ. ಆ ದಿನ ಫಲೇಸಿ ಒಣಮೀನಿನ ಸಾರಿನಲ್ಲಿ ನ್ಸಿಮಾ ಮುದ್ದೆ ಅದ್ದಿಕೊಂಡು ಹೊಟ್ಟೆ ತುಂಬ ತಿಂದು, ಅವನನ್ನೇ ಗೇಲಿ ಮಾಡಿ ನಗುತ್ತಿದ್ದಳು. ಸೋಮವಾರ ಇಬ್ಬನಿ ಆರುವ ಮೊದಲೇ ಹೊಲಕ್ಕಿಳಿದು, ಮುರಿದ ಎಲೆಯನ್ನೆಲ್ಲ ಕಂಕುಳಿಗೆ ಸಿಕ್ಕಿಸಿಕೊಂಡು ಸಾಲು ಮುಗಿಸುವಷ್ಟರಲ್ಲಿ ಮುಖ ಬಿಳುಚಿ, ತಲೆ ಸುತ್ತಿ, ಕೈಕಾಲು ನಡುಗುತ್ತಿದ್ದವು.

ಆದರೆ ಹೇಳುವುದು ಯಾರಿಗೆ? ನಮ್ಮಲ್ಲಿ ಮದುವೆಯಾದ ಗಂಡಸು ಹೆಂಡತಿಯ ಊರಿಗೆ ಬಂದು ಇರುತ್ತಾನೆ. ಹೊಲ ಅತ್ತೆ ಎನೆಲೇಸಿಯದು. ಅಳಿಯನಾದವನು ಅತ್ತೆಯ ಮುಖ ನೋಡಿ ಮಾತಾಡುವುದೇ ಮರ್ಯಾದೆಯಲ್ಲ, ಇನ್ನು ಅವಳ ಮಗಳ ಹೊಟ್ಟೆಯ ಸುದ್ದಿ ಎತ್ತುವುದುಂಟೇ? ಹೆಂಡತಿಯನ್ನು ಕೆಲಸಕ್ಕೆ ಕಳಿಸಬೇಡಿ ಅಂದರೆ, ಕೂತು ತಿನ್ನಲು ಬಂದ ಸೋಮಾರಿ ಅಳಿಯ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಕಡೆಗೆ ಅವನು ಫಲೇಸಿಯ ಸೋದರಮಾವ ಬಿಝಿವೇಕಿಯ ಹತ್ತಿರ ಹೋದ. ಇಂಥ ಮಾತನ್ನು ಅತ್ತಿಂದಿತ್ತ ದಾಟಿಸುವ ಹಿರಿಯ ಅವನೇ.

ಬಿಝಿವೇಕಿ ನಕ್ಕ. "ಏನಯ್ಯಾ ಅಳಿಯ, ಹೆಂಡ್ತಿ ವಾಂತಿ ಮಾಡಿದ್ರೆ ನಿನ್ನ ಹೊಟ್ಟೆ ಯಾಕಯ್ಯಾ ತೊಳಸ್ತದೆ?"

ನಕ್ಕರೂ ಮಾತು ಮುಟ್ಟಿಸಿದ. ಸಂಜೆಯೊಳಗೆ ಎನೆಲೇಸಿಯ ಉತ್ತರವೂ ಬಂತು. ತಲೆ ನರೆಯುವವರೆಗೆ ತಾನು ಕಂಕುಳಲ್ಲಿ ಸೊಪ್ಪು ಹೊತ್ತಿದ್ದೇನೆ, ಇದೇ ಫಲೇಸಿ ಹೊಟ್ಟೆಯಲ್ಲಿದ್ದಾಗಲೂ ಹೊತ್ತಿದ್ದೇನೆ, ತನಗೇನೂ ಆಗಲಿಲ್ಲ. ಎಲೆ ಗಿಡದಲ್ಲೇ ಹಣ್ಣಾಗುತ್ತಿದೆ. ಈಗ ಮೈಗಳ್ಳತನ ಮಾಡಿದರೆ ಒಣಗಿಸುವ ಚಪ್ಪರದಲ್ಲಿ ನೇತುಹಾಕಲು ಕೊಳೆತದ್ದೇ ಗತಿ ಎಂದಿದ್ದಳು. ಲೆಫಾನಿ ಬಾಯಿ ಮುಚ್ಚಿಕೊಂಡ. ಮುಚ್ಚಿಕೊಂಡದ್ದೇ ತಪ್ಪಾಯಿತು.

ಮರುದಿನ ಮುಂಜಾನೆ ಮಳೆ ಹನಿಯುತ್ತಿತ್ತು. ಲೆಫಾನಿ ಚಪ್ಪರದೊಳಗೆ ಎಲೆ ಪೋಣಿಸಿದ ದಾರಗಳನ್ನು ಗಳಕ್ಕೆ ಕಟ್ಟುತ್ತಿದ್ದ. ಅತ್ತೆ ಕೂಗಿದ್ದು ಕೇಳಿ ಓಡಿದ. ಫಲೇಸಿ ಸಾಲಿನ ನಡುವೆ ಬಿದ್ದಿದ್ದಳು. ಒದ್ದೆ ಎಲೆ ಇನ್ನೂ ಕಂಕುಳಲ್ಲೇ ಇತ್ತು. ಕುಪ್ಪಸ ಸೊಪ್ಪಿನ ರಸದಲ್ಲಿ ತೊಯ್ದು ಅಂಟಾಗಿತ್ತು. ಇದೂ ಹೋಯಿತು ಅಂದುಕೊಂಡ ಲೆಫಾನಿ. ಅವಳನ್ನು ಸೈಕಲ್ ಮೇಲೆ ಕೂರಿಸಿ, ಅತ್ತೆ ಹಿಂದಿನಿಂದ ಹಿಡಿದುಕೊಂಡು, ಇಬ್ಬರೂ ಕೆಸರಿನಲ್ಲಿ ತಳ್ಳಿಕೊಂಡು ಆರೋಗ್ಯ ಕಾರ್ಯಕರ್ತೆ ಝೆಲೀಫಾಳ ಬಾಗಿಲಿಗೆ ಬಂದರು.

ಝೆಲೀಫಾ ಮೊದಲು ಆ ಒದ್ದೆ ಬಟ್ಟೆ ಬಿಚ್ಚಿಸಿದಳು. ಕುತ್ತಿಗೆಯಿಂದ ಸೊಂಟದವರೆಗೆ ಸೋಪು ಹಾಕಿ ತೊಳೆದು, ಒಣ ಬಟ್ಟೆ ಸುತ್ತಿ, ಗುಟುಕು ಗುಟುಕಾಗಿ ನೀರು ಕುಡಿಸಿದಳು. ಬೆರಳು ಚುಚ್ಚಿ ನೋಡಿದರೆ ಮಲೇರಿಯಾ ಇಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಲು ಗಾಡಿಗೆ ಹೇಳಿ ಕಳಿಸಿ, ಎನೆಲೇಸಿಯ ಸೊಂಟದಲ್ಲಿದ್ದ ನಸ್ಯದ ಡಬ್ಬಿಯ ಕಡೆ ಕೈ ತೋರಿಸಿದಳು.

"ಅಮ್ಮಾ, ಮೊದಲ್ನೇ ಸಲ ನಸ್ಯ ಏರಿಸಿದ ದಿನ ನೆನಪಿದ್ಯಾ?"

"ಅದ್ಯಾಕೆ ಕೇಳ್ತೀಯೇ ತಾಯಿ. ಭೂಮಿನೇ ತಿರುಗಿಬಿಡ್ತು. ಮಾವಿನಮರ ತಬ್ಕೊಂಡು ವಾಂತಿ ಮಾಡ್ಕೊಂಡಿದ್ದೆ."

"ಈಗ?"

"ಈಗ ಇಲ್ದಿದ್ರೆ ಕಣ್ಣೇ ಬಿಡಲ್ಲ."

"ನೋಡಿ, ನಿಮ್ಮ ಮೈ ಆ ವಿಷಕ್ಕೆ ಒಗ್ಗಿದೆ. ಒಗ್ಗಿದೆ ಅಂದ್ರೆ ಒಳ್ಳೇದು ಅಂತಲ್ಲ. ಇವಳ ಮೈ ಒಗ್ಗಿಲ್ಲ. ಸೊಪ್ಪು ಒದ್ದೆಯಾದ್ರೆ ಅದೇ ವಿಷ ನೀರಿನ ಜೊತೆ ಚರ್ಮದೊಳಗೆ ಇಳೀತದೆ. ನಿಮ್ಮ ಮಗಳು ಬೆಳಗಿನಿಂದ ಕಂಕುಳಲ್ಲಿ ನಸ್ಯ ಏರಿಸ್ತಿದಾಳೆ."

ಎನೆಲೇಸಿ ಒಪ್ಪಲಿಲ್ಲ. ಬಸುರಿಯರು ವಾಂತಿ ಮಾಡದೆ ಇನ್ನೇನು ಮಾಡುತ್ತಾರೆ ಎಂದು ವಾದಕ್ಕೇ ನಿಂತಳು. ಆಗ ಲೆಫಾನಿ ನೆಲ ನೋಡಿಕೊಂಡೇ ಬಾಯಿ ಬಿಟ್ಟ.

"ಅತ್ತೆಯೋರೇ, ತಪ್ಪಾಡಿದ್ರೆ ನನ್ನನ್ನ ಊರು ಬಿಟ್ಟು ಕಳ್ಸಿ. ಭಾನುವಾರ ಇವಳು ವಾಂತಿ ಮಾಡಿದ್ದು ಒಂದ್ಸಲನಾದ್ರೂ ನೋಡಿದೀರಾ? ಬಸಿರು ಭಾನುವಾರ ರಜಾ ತಗೊಳ್ತದಾ?"

ಎನೆಲೇಸಿ ಬೆರಳು ಮಡಿಸತೊಡಗಿದಳು. ಕಳೆದ ಭಾನುವಾರಗಳನ್ನೆಲ್ಲ ಒಂದೊಂದಾಗಿ ನೆನೆದಿರಬೇಕು. ಝೆಲೀಫಾ ಮೆಲ್ಲಗೆ ಕೇಳಿದಳು: "ಆ ಡಬ್ಬೀಲಿರೋದು ಒಂದು ಚಿಟಿಕೆ ನಿಮ್ಮ ಮೊಮ್ಮಗೂಗೆ ಕೊಡ್ತೀರಾ ಅಮ್ಮಾ?"

ಮುದುಕಿ ಅತ್ತುಬಿಟ್ಟಳು. ಹೋದ ವರ್ಷದ್ದೂ ಇದರಿಂದಲೇ ಆಯಿತೇ ಎಂದು ಕೇಳಿದಳು. ಅದನ್ನು ಯಾರೂ ಖಚಿತವಾಗಿ ಹೇಳಲಾರರು, ಇನ್ನು ಮುಂದಿನದು ನಮ್ಮ ಕೈಯಲ್ಲಿದೆ ಎಂದಳು ಝೆಲೀಫಾ. ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತ ಕೇಳಿಸಿದಾಗ ಲೆಫಾನಿ ಇನ್ನೊಂದು ಸಲ ಕೇಳಿಸಿ ಎಂದು ಬೇಡಿಕೊಂಡ.

ಅಂದಿನಿಂದ ಫಲೇಸಿ ಹಸಿ ಸೊಪ್ಪು ಮುಟ್ಟಲಿಲ್ಲ, ಪೋಣಿಸಲೂ ಇಲ್ಲ. ಕೇರಿಯ ಮಕ್ಕಳನ್ನೂ ಸೊಪ್ಪಿನ ಹತ್ತಿರ ಸೇರಿಸಲಿಲ್ಲ. ಉಳಿದವರು ಇಬ್ಬನಿ ಆರುವವರೆಗೆ ಕಾಯುತ್ತಿದ್ದರು. ತುಂಬುತೋಳಿನ ಅಂಗಿ ತೊಟ್ಟು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು, ಎಲೆಯನ್ನು ಬುಟ್ಟಿಗೆ ಹಾಕುತ್ತಿದ್ದರು. ಎನೆಲೇಸಿ ಅಕ್ಕ ಹೊಲ ಕಾಯುವುದು ಬಿಟ್ಟು ಸೂರ್ಯನನ್ನು ಕಾಯುತ್ತಾಳೆ ಎಂದು ಬಿಝಿವೇಕಿ ಹಂಗಿಸಿದ. ಸುಳ್ಳು ಯಾಕೆ ಹೇಳಲಿ, ಬುಡದ ಎಲೆ ಕೆಲವು ಕೆಟ್ಟವು. ಎನೆಲೇಸಿ ಅದನ್ನು ನೋಡಿ ನಿಟ್ಟುಸಿರು ಬಿಟ್ಟಳು, ಆದರೆ ಮಗಳನ್ನು ಕರೆಯಲಿಲ್ಲ. ಮಿಕ್ಕದ್ದು ಚಪ್ಪರದ ನೆರಳಿನಲ್ಲಿ ಕಂದುಬಣ್ಣಕ್ಕೆ ತಿರುಗಿ, ಹದವಾಗಿ ಒಣಗಿತು. ವಿಂಗಡಿಸಿ, ಬೇಲು ಕಟ್ಟಿ ಹರಾಜಿಗೆ ಕಳಿಸಿದರು.

ಕೊನೆಯ ಬೇಲು ಲಾರಿ ಹತ್ತಿದ ವಾರವೇ ಫಲೇಸಿಗೆ ಹೆರಿಗೆಯಾಯಿತು. ಹೆಣ್ಣು ಮಗು, ಗಟ್ಟಿ ದನಿ. ಎನೆಲೇಸಿ ನಸ್ಯದ ಡಬ್ಬಿಯನ್ನು ಹೊಸ್ತಿಲ ಹೊರಗಿಟ್ಟಳು. ಎರಡೂ ಕೈಯನ್ನು ಕಂಕುಳಿನವರೆಗೆ ಸೋಪು ಹಾಕಿ ತೊಳೆದು ಬಂದು ಮಗುವನ್ನು ಎತ್ತಿಕೊಂಡಳು. ಆಮೇಲೆ ಬಾಗಿಲಾಚೆ ನಿಂತಿದ್ದ ಅಳಿಯನಿಗೆ ಕೇಳುವ ಹಾಗೆ ಅಂದಳು:

"ಭಾನುವಾರನೇ ಹುಟ್ಟಿದಾಳೆ. ಅಪ್ಪನ ಮಾತು ಒಳಗಿದ್ದೇ ಕೇಳಿಸ್ಕೊಂಡಿರ್ಬೇಕು."

ಅಕ್ಕ, ಅಣ್ಣ, ಹೊಗೆಸೊಪ್ಪು ಬೆಳೆಯುವ ಮನೆ ನಿಮ್ಮದೂ ಆಗಿದ್ದರೆ ಈ ಕಥೆಯನ್ನು ಕೇಳಿ ಇಲ್ಲೇ ಬಿಟ್ಟು ಹೋಗಬೇಡಿ. ಸೊಪ್ಪು ಒದ್ದೆಯಿದ್ದಾಗ ಮುರಿಯಬೇಡಿ. ಕಂಕುಳಲ್ಲಿ ಹೊರಬೇಡಿ. ಮೈಗೆ ರಸ ತಾಗಿದರೆ ಕೂಡಲೇ ಬಟ್ಟೆ ಬದಲಿಸಿ, ಸೋಪಿನಿಂದ ತೊಳೆದುಕೊಳ್ಳಿ. ಬಸುರಿಯರನ್ನೂ ಮಕ್ಕಳನ್ನೂ ಹಸಿ ಸೊಪ್ಪಿನಿಂದ ದೂರವಿಡಿ. ವಾಂತಿ, ತಲೆಸುತ್ತು ಬಂದರೆ ಆಸ್ಪತ್ರೆಗೆ ಹೋಗಿ, ಬೆಳಿಗ್ಗೆ ಸೊಪ್ಪು ಮುರಿದೆವು ಎಂದು ಬಾಯಿಬಿಟ್ಟು ಹೇಳಿ. ಇನ್ನೂ ಅನುಮಾನವಿದ್ದರೆ ರಜೆಯ ದಿನ ನಿಮ್ಮ ಮಗಳ ತಟ್ಟೆ ನೋಡಿ, ಸೊಪ್ಪು ಮುರಿದ ದಿನ ಅವಳ ಮುಖ ನೋಡಿ. ಲೆಫಾನಿಯ ಹಾಗೆ ಬಾಯಿ ಬಿಡಲು ಅವಳು ಬೀಳುವವರೆಗೆ ಕಾಯಬೇಡಿ.