ಮೋಡದ ಈಚೆಗಿನ ಬೆಳಕು

ಉಪಕರಣದ ಮುಚ್ಚಳ ಭದ್ರವಾಗಿತ್ತು. ಆದರೂ ಅವಳ ಮುಂದಿನ ಪರದೆಯ ಮೇಲೆ ಕಿರಣಗಳನ್ನು ಎಣಿಸುವ ಗೆರೆ ಮತ್ತೆ ಮೇಲೆದ್ದಿತು. ಹಿಂದೆಯೇ ಬಾಗಿಲ ಸದ್ದು. ಅದೇ ಪ್ರಯೋಗಾಲಯದಲ್ಲಿ ನಿರ್ವಾತ ಪಂಪು ನೋಡಿಕೊಳ್ಳುವ ಭಾವ, ಅವಳ ಅಕ್ಕನ ಗಂಡ, ಒಳಗೆ ಬಂದಿದ್ದರು.

ಆಕಾಶದಲ್ಲಿ ನಕ್ಷತ್ರಗಳೇ ಇಲ್ಲದ ಕಡೆಯಿಂದಲೂ ಎಕ್ಸ್-ಕಿರಣಗಳ ಮಂಕು ಬೆಳಕು ಬರುತ್ತದೆ. ನಡುವಿನ ಹೈಡ್ರೋಜನ್ ಮೋಡದ ನೆರಳು ಅದರಲ್ಲಿ ಕಂಡರೆ ಬೆಳಕು ಮೋಡದ ಆಚೆಯದು. ಕಾಣದಿದ್ದರೆ ಈಚೆಯದು, ನಮ್ಮ ಸುತ್ತಲಿನದೇ. ಅದನ್ನು ನೋಡಲು ರಾಕೆಟ್ಟಿನಲ್ಲಿ ಹೋಗಬೇಕಿದ್ದ ಉಪಕರಣ ಅದು. ಮುಚ್ಚಳದೊಳಗಿನ ಕತ್ತಲಲ್ಲಿ ತೆಪ್ಪಗಿರಬೇಕಿತ್ತು. ಅವಳು ತಂತಿಯೆಲ್ಲ ಬದಲಿಸಿದ್ದಳು, ಗೆರೆ ಜಗ್ಗಿರಲಿಲ್ಲ.

"ಭಾವ, ಸ್ವಲ್ಪ ಮೆಟ್ಟಿಲ ತನಕ ಹೋಗಿ ಬರ್ತೀರಾ?"

"ಯಾಕಮ್ಮ, ಓಡಿಸೋ ಪ್ಲಾನಾ?"

ಚಪ್ಪಲಿಯ ಸದ್ದು ದೂರವಾದಂತೆ ಗೆರೆ ಇಳಿಯಿತು. ಸದ್ದು ಮರಳಿತು, ಗೆರೆಯೂ ಏರಿತು. ಗೋಡೆಯಾಚೆ ಅವರು ಎಲ್ಲಿ ನಿಂತರೆಂದು ನೋಡದೆಯೇ ಹೇಳಬಹುದಿತ್ತು.

ಬೆಳಿಗ್ಗೆಯಷ್ಟೇ ಅಕ್ಕ ಫೋನಿನಲ್ಲಿ ಅತ್ತಿದ್ದಳು. "ನಿನ್ನ ಭಾವ ಟೂರಿಂದ ಬಂದಾಗಿಂದ ಹೊರಗಿನ ಕೋಣೇಲಿ ಮಲಗ್ತಾರೆ ಕಣೇ. ನಾನು ಹತ್ರ ಹೋದ್ರೆ ಎದ್ದು ಹೋಗ್ತಾರೆ. ಈ ಹೊಟ್ಟೆ ಹೊತ್ಕೊಂಡು ನಾನೇನು ಮಾಡ್ಲಿ?"

ಭಾವ ಬಾಗಿಲಿಗೆ ಬಂದರು. ಈಚೆಗೆ ಗಂಟು ತೆಗೆಸಿಕೊಂಡಿದ್ದ ಅವರ ಕುತ್ತಿಗೆಯ ಮೇಲಿನ ಗಾಯದ ಗುರುತನ್ನು ಅವಳು ನೋಡಿದಳು.

"ಟೂರಿಗೆ ಹೋಗಿರ್ಲಿಲ್ಲ ಅಲ್ವಾ? ಆಸ್ಪತ್ರೇಲಿ ಏನು ಕೊಟ್ರು?"

ಅವರು ಒಳಗೆ ಬರಲಿಲ್ಲ. "ವಿಕಿರಣದ ಗುಳಿಗೆ. ಅವತ್ತು ತೆಗೆದದ್ದು ಬರೀ ಗಂಟಾಗಿರ್ಲಿಲ್ಲ ಕಣಮ್ಮ, ಕ್ಯಾನ್ಸರ್. ವಾಸಿಯಾಗುತ್ತೆ ಅಂದಿದ್ದಾರೆ. ಮೈಯಿಂದ ಕಿರಣ ಬರ್ತಿರುತ್ತಂತೆ, ಬಸುರಿ ಹತ್ರ ಮಾತ್ರ ಹೋಗ್ಬಾರ್ದಂತೆ, ಸ್ವಲ್ಪ ದಿನ. ಮುಚ್ಚಳ ಹಾಕಿದೆಯಲ್ಲ, ಇದಕ್ಕೆ ಗೊತ್ತಾಗಲ್ಲ ಅಂದ್ಕೊಂಡೆ."

"ಅಕ್ಕಂಗೆ?"

"ಹೆರಿಗೆ ಆಗ್ಲಿ. ಆಮೇಲೆ ಹೇಳಿದ್ರಾಯ್ತು."

"ನೀವು ಬೇರೆ ಯಾರನ್ನೋ ಕಟ್ಕೊಂಡಿದ್ದೀರಿ ಅಂತ ಅವಳ ಅನುಮಾನ."

"ಈ ಮೂತಿಗಾ?" ಎಂದರು ಭಾವ. ನಗು ಅರ್ಧಕ್ಕೇ ನಿಂತಿತು. ಫೋನು ತೆಗೆದು ಅಕ್ಕನಿಗೆ ಹಚ್ಚಿದರು. "ಒಂದ್ಸಲ ಇಲ್ಲಿಗೆ ಬಾ. ಮನೇಲಿ ಹೇಳೋಕೆ ನನಗೆ ಧೈರ್ಯ ಇಲ್ಲ."

ಸಂಜೆ ಅಕ್ಕ ಬಂದಳು. ಭಾವ ಮೊಗಸಾಲೆಯ ಆ ತುದಿಯಿಂದ ಕೈಯೆತ್ತಿ ಅವಳನ್ನು ಅಲ್ಲೇ ತಡೆದರು. ಅಲ್ಲಿಂದಲೇ, ತುಸು ದನಿಯೆತ್ತಿ, ಎಲ್ಲ ಹೇಳಿದರು. ತಂಗಿ ನಡುವೆ ಬರದೆ ಗೋಡೆಗೆ ಒರಗಿದಳು.

ಅಕ್ಕ ಅಳಲಿಲ್ಲ. ಒಂದು ಕುರ್ಚಿ ಎಳೆದುಕೊಂಡು ಈ ತುದಿಯಲ್ಲಿ ಕೂತಳು. "ಊಟ ಮಾಡಿದ್ರಾ?" ಎಂದು ಅಲ್ಲಿಂದಲೇ ಕೇಳಿದಳು. ಭಾವ ಆ ತುದಿಯ ಮೆಟ್ಟಿಲ ಮೇಲೆ ಕೂತರು. ನಡುವಿನ ಉದ್ದನೆಯ ನೆಲದ ಮೇಲೆ ಬಿಸಿಲು ಮೆಲ್ಲಗೆ ಸರಿಯುತ್ತಿತ್ತು, ಇಬ್ಬರೂ ಏಳಲಿಲ್ಲ.